12 ಬಾರ್ ಬ್ಲೂಸ್: ಲೆಕ್ಕ ತಪ್ಪದೆ ನುಡಿಸಲು ಹಂತ ಹಂತದ ಮಾರ್ಗದರ್ಶಿ

ಗಿಟಾರ್ ಕಲಿಯುವ ತುಂಬಾ ಜನ ಒಂದೇ ಜಾಗದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಎ7, ಡಿ7, ಇ7 ಮೂರು ಕಾರ್ಡೂ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಕೈಗೆ ಬಂದಿರುತ್ತವೆ. ಒಂದರಿಂದ ಇನ್ನೊಂದಕ್ಕೆ ಹೋಗುವುದೂ ಕಷ್ಟವಿಲ್ಲ. ಆದರೆ ಇನ್ನೊಬ್ಬರ ಜೊತೆ ಕೂತು ಬ್ಲೂಸ್ (ಆಫ್ರಿಕನ್ ಮೂಲದ ಅಮೆರಿಕನ್ನರ ಹಾಡುಗಳಿಂದ ಬೆಳೆದ ಸಂಗೀತ) ನುಡಿಸಲು ಶುರು ಮಾಡಿದರೆ ಎರಡನೇ ಸುತ್ತಿನಲ್ಲೇ ಜಾಗ ತಪ್ಪುತ್ತದೆ. ಒಬ್ಬರು ಡಿ7ಗೆ ಹೋಗಿರುತ್ತಾರೆ, ಇನ್ನೊಬ್ಬರು ಎ7 ಬಿಟ್ಟಿರುವುದಿಲ್ಲ. ಇಬ್ಬರೂ ನಿಲ್ಲಿಸಿ ಮೊದಲಿನಿಂದ ಶುರು ಮಾಡುತ್ತಾರೆ, ಮತ್ತೆ ಅಲ್ಲೇ ತಪ್ಪುತ್ತದೆ.

ಇದಕ್ಕೆ ಕಾರಣ ಕಲಿತ ಕ್ರಮ. ಮೊದಲು ಕಾರ್ಡ್ ಕಲಿತು, ಆಮೇಲೆ ಅದರ ಮೇಲೆ ಲೆಕ್ಕ ಕೂರಿಸಲು ಹೋಗುತ್ತಾರೆ. ಇಲ್ಲಿ ಹೇಳುವ ಕ್ರಮ ಬೇರೆ. ಮೊದಲು ಲೆಕ್ಕ, ಆಮೇಲೆ ಬಾಯಿ, ಆಮೇಲೆ ಒಂದೊಂದೇ ತಂತಿ, ಅದಾದ ಮೇಲೆ ಕಾರ್ಡ್. ಸೋಲೋ, ಅಂದರೆ ಗಿಟಾರ್ ಒಂದೇ ಮುಂದೆ ಬಂದು ನುಡಿಸುವ ಭಾಗ, ಎಲ್ಲಕ್ಕಿಂತ ತಡವಾಗಿ ಬರುತ್ತದೆ. ದಯವಿಟ್ಟು ಹಂತ ಹಾರಿಸಬೇಡಿ. ನಾಲ್ಕು ಬೀಟ್ ಸೇರಿ ಒಂದು ಬಾರ್, 12 ಬಾರ್ ಸೇರಿ ಒಂದು ಸುತ್ತು. ಈ ಚೌಕಟ್ಟು ಒಮ್ಮೆ ಮೈಗೆ ಹತ್ತಿದರೆ 1950ರ ದಶಕದ ರಾಕ್ ಆಂಡ್ ರೋಲ್‌ನ ದೊಡ್ಡ ಭಾಗ ನಿಮಗೆ ತೆರೆದುಕೊಳ್ಳುತ್ತದೆ.

## ಏನೇನು ಬೇಕು

ಗಿಟಾರ್ ಯಾವುದಾದರೂ ಸರಿ. ಅಕೌಸ್ಟಿಕ್ ಸಾಕು. ಫೋನಿನಲ್ಲಿ ಒಂದು ಟ್ಯೂನರ್ ಆ್ಯಪ್, ಒಂದೇ ವೇಗದಲ್ಲಿ ಟಿಕ್ ಟಿಕ್ ಎನ್ನುವ ಒಂದು ಮೆಟ್ರೊನೋಮ್ ಆ್ಯಪ್ ಇರಲಿ. ಉಚಿತವಾಗಿ ಸಿಗುವುದೇ ಸಾಕು. ಸ್ಟಾಪ್‌ವಾಚ್ ಮತ್ತು ವಾಯ್ಸ್ ರೆಕಾರ್ಡರ್ ಫೋನಿನಲ್ಲಿ ಇದ್ದೇ ಇರುತ್ತವೆ. ತಂತಿ ಮೀಟಲು ಒಂದು ಪಿಕ್, ಒಂದು ಹಾಳೆ, ಪೆನ್ಸಿಲ್.

ಗಿಟಾರ್ ಟ್ಯೂನ್ ಮಾಡಿಕೊಳ್ಳಿ. ದಪ್ಪ ತಂತಿಯಿಂದ ಸಣ್ಣದರ ಕಡೆಗೆ: ಇ, ಎ, ಡಿ, ಜಿ, ಬಿ, ಇ. ದಪ್ಪ ತಂತಿ 6ನೆಯದು, ಅತಿ ಸಣ್ಣದು 1ನೆಯದು. ಪ್ರತಿ ಸಲ ಕೂತಾಗಲೂ ಟ್ಯೂನ್ ನೋಡಿ. ಶ್ರುತಿ ಸರಿಯಿಲ್ಲದ ಗಿಟಾರ್‌ನಲ್ಲಿ ಕಾರ್ಡ್ ಬದಲಾದದ್ದು ಕಿವಿಗೆ ಸರಿಯಾಗಿ ಗೊತ್ತಾಗುವುದಿಲ್ಲ. ಈ ಅಭ್ಯಾಸದಲ್ಲಿ ಆ ಬದಲಾವಣೆ ಕೇಳಿಸುವುದೇ ಮುಖ್ಯ.

ಮೊದಲ ಮೂರು ಹಂತಕ್ಕೆ ಗಿಟಾರ್ ಬೇಡ. ಪಕ್ಕಕ್ಕಿಡಿ.

## ಹಂತ 1: ಕಾಲಿಗೆ ಬೀಟ್, ಬೆರಳಿಗೆ ಬಾರ್

ಮೆಟ್ರೊನೋಮನ್ನು 80ಕ್ಕೆ, ಅಂದರೆ ನಿಮಿಷಕ್ಕೆ 80 ಟಿಕ್‌ಗೆ ಇಡಿ. ಒಂದು ಟಿಕ್ ಅಂದರೆ ಒಂದು ಬೀಟ್. ನಾಲ್ಕು ಬೀಟ್ ಸೇರಿದರೆ ಒಂದು ಬಾರ್. ಕಾಲಿನಲ್ಲಿ ನಾಲ್ಕು ತಟ್ಟುತ್ತಾ ಬಾಯಲ್ಲಿ ಹೀಗೆ ಎಣಿಸಿ: ಒಂದು ಎರಡು ಮೂರು ನಾಲ್ಕು, ಎರಡು ಎರಡು ಮೂರು ನಾಲ್ಕು, ಮೂರು ಎರಡು ಮೂರು ನಾಲ್ಕು. ಪ್ರತಿ ಬಾರ್‌ನ ಮೊದಲ ಬೀಟ್‌ನಲ್ಲಿ ಆ ಬಾರ್‌ನ ಸಂಖ್ಯೆ ಹೇಳುತ್ತೀರಿ. ಹೀಗೆ 12ರವರೆಗೆ ಹೋಗಿ, ನಿಲ್ಲಿಸದೆ ಮತ್ತೆ ಒಂದರಿಂದ ಶುರು ಮಾಡಿ.

ಈಗ ಬೆರಳು ಸೇರಿಸಿ. ಹೆಬ್ಬೆರಳು ಬಿಟ್ಟರೆ ಕೈಯಲ್ಲಿ ನಾಲ್ಕು ಬೆರಳು, ಪ್ರತಿ ಬೆರಳಿನಲ್ಲಿ ಮೂರು ಭಾಗ. ಜಪ ಎಣಿಸುವವರು ಬಳಸುವುದು ಇದನ್ನೇ. ಒಟ್ಟು 12. ಆದರೆ ಒಂದು ಬೆರಳಿನ ಮೂರು ಭಾಗ ಮುಗಿಸಿ ಮುಂದಿನ ಬೆರಳಿಗೆ ಹೋಗಬೇಡಿ. ಅಡ್ಡಕ್ಕೆ ಹೋಗಿ. ತೋರುಬೆರಳಿನಿಂದ ಕಿರುಬೆರಳಿನವರೆಗೆ ತುದಿಭಾಗಗಳ ಸಾಲು 1ರಿಂದ 4ನೇ ಬಾರ್. ಮಧ್ಯದ ಸಾಲು 5ರಿಂದ 8. ಕೆಳಗಿನ ಸಾಲು 9ರಿಂದ 12. ಪ್ರತಿ ಬಾರ್‌ಗೂ ಹೆಬ್ಬೆರಳು ಒಂದು ಮನೆ ಮುಂದೆ ಹೋಗುತ್ತದೆ. ನಾಲ್ಕು ನಾಲ್ಕರ ಮೂರು ಸಾಲು ಕೈಯಲ್ಲೇ ಕಾಣುತ್ತದೆ. ಮುಂದಿನ ಎಲ್ಲ ಹಂತಗಳೂ ಈ ಮೂರು ಸಾಲಿನ ಮೇಲೇ ನಿಲ್ಲುತ್ತವೆ.

ಕರ್ನಾಟಕ ಸಂಗೀತ ಕಲಿತವರಿಗೆ ಇನ್ನೊಂದು ದಾರಿ ಇದೆ. ಒಂದು ಸುತ್ತಿನಲ್ಲಿ 48 ಬೀಟ್ ಇರುತ್ತವೆ. ಅಂದರೆ ಆದಿ ತಾಳದ ಆರು ಆವರ್ತ. ಪ್ರತಿ ಸಾಲಿಗೂ ಎರಡು ಆವರ್ತ. ತಾಳ ಹಾಕುವ ಅಭ್ಯಾಸ ಕೈಯಲ್ಲಿದ್ದರೆ ಇದೇ ಸುಲಭ.

ಆದರೆ ಅಂಥವರು ಒಂದು ಕಡೆ ಜಾಸ್ತಿ ತಪ್ಪುತ್ತಾರೆ. ತಾಳದಲ್ಲಿ ಗಟ್ಟಿ ತಟ್ಟು ಬೀಳುವುದು ಸಮದಲ್ಲಿ. ರಾಕ್‌ನಲ್ಲಿ ಡ್ರಮ್ಸ್‌ನ ಸ್ನೇರ್ ಹೊಡೆತ ಬೀಳುವುದು 2 ಮತ್ತು 4ನೇ ಬೀಟ್‌ನಲ್ಲಿ. ಅದೇ ಅತಿ ಜೋರಾಗಿ ಕೇಳಿಸುತ್ತದೆ. ಜೋರಾಗಿ ಕೇಳಿಸಿದ್ದನ್ನು 'ಒಂದು' ಅಂದುಕೊಂಡರೆ ಲೆಕ್ಕ ಪೂರ್ತಿ ಒಂದು ಬೀಟ್ ಆಚೀಚೆ ಆಗುತ್ತದೆ. ಆಮೇಲೆ ಎಷ್ಟು ಎಣಿಸಿದರೂ ಸರಿಹೋಗುವುದಿಲ್ಲ. ಹಾಗಾಗಿ ಈಗಲೇ ಅಭ್ಯಾಸ ಮಾಡಿ: ಕಾಲು ನಾಲ್ಕೂ ಬೀಟ್ ತಟ್ಟಲಿ, ಚಪ್ಪಾಳೆ ಮಾತ್ರ 2 ಮತ್ತು 4ರಲ್ಲಿ ಬೀಳಲಿ. ಚಪ್ಪಾಳೆ ತಾನಾಗಿಯೇ 1ರ ಕಡೆಗೆ ಜಾರುತ್ತಿದ್ದರೆ ಮೆಟ್ರೊನೋಮ್ ನಿಧಾನ ಮಾಡಿ, 60ಕ್ಕೆ ಇಳಿಸಿ.

ಪರೀಕ್ಷೆ: 80ರ ವೇಗದಲ್ಲಿ ಒಂದು ಬಾರ್‌ಗೆ 3 ಸೆಕೆಂಡ್. ಒಂದು ಸುತ್ತಿಗೆ 36 ಸೆಕೆಂಡ್. ಐದು ಸುತ್ತಿಗೆ ಸರಿಯಾಗಿ 3 ನಿಮಿಷ. ಸ್ಟಾಪ್‌ವಾಚ್ ಹಾಕಿ ಐದು ಸುತ್ತು ಎಣಿಸಿ. 2 ನಿಮಿಷ 57 ಸೆಕೆಂಡ್ ಬಂದರೆ ಎಲ್ಲೋ ಒಂದು ಬಾರ್ ನುಂಗಿದ್ದೀರಿ. 3 ನಿಮಿಷ 3 ಸೆಕೆಂಡ್ ಬಂದರೆ ಒಂದು ಸೇರಿಸಿದ್ದೀರಿ. ಇದೇ ಪರೀಕ್ಷೆಯನ್ನು ಮುಂದೆ ಗಿಟಾರ್‌ನಲ್ಲೂ ಮಾಡುತ್ತೀರಿ.

## ಹಂತ 2: ನಕ್ಷೆ ಬರೆದುಕೊಳ್ಳಿ

ಹಾಳೆಯ ಮೇಲೆ ನಾಲ್ಕು ಮನೆಗಳ ಮೂರು ಸಾಲು ಹಾಕಿ. ಹೀಗೆ ತುಂಬಿಸಿ:

| ಎ7 | ಎ7 | ಎ7 | ಎ7 |
|---|---|---|---|
| ಡಿ7 | ಡಿ7 | ಎ7 | ಎ7 |
| ಇ7 | ಡಿ7 | ಎ7 | ಇ7 |

ಬಾಯಿಪಾಠ ಮಾಡುವಾಗ 'ನಾಲ್ಕು ಎ, ಎರಡು ಡಿ, ಎರಡು ಎ, ಒಂದು ಇ...' ಎಂದು ಸರಪಣಿ ಕಟ್ಟಬೇಡಿ. ಹೆಚ್ಚಿನವರು ಮಾಡುವುದು ಅದನ್ನೇ. ನಡುವೆ ಒಂದು ಕೊಂಡಿ ಕಳಚಿದರೆ ಎಲ್ಲ ಹೋಯಿತು. ಸಾಲುಗಳ ಆರಂಭ ಮಾತ್ರ ನೆನಪಿಡಿ. ಮೊದಲ ಸಾಲು ಎ, ಎರಡನೇ ಸಾಲು ಡಿ, ಮೂರನೇ ಸಾಲು ಇ. ಪ್ರತಿ ಸಾಲೂ ಎರಡು ಬಾರ್ ಕಳೆಯುವಷ್ಟರಲ್ಲಿ ಎಗೆ ವಾಪಸ್ ಬರುತ್ತದೆ. ಇಷ್ಟು ಸಾಕು. ಜಾಗ ತಪ್ಪಿದರೂ ಮುಂದಿನ ಸಾಲಿನ ಆರಂಭದಲ್ಲಿ ಸೇರಿಕೊಳ್ಳಬಹುದು.

ಈ ಮೂರು ಎಲ್ಲಿಂದ ಬಂದವು? ಎ ಅನ್ನು ಸ ಅಂದುಕೊಳ್ಳಿ. ಆಗ ಡಿ ಅನ್ನುವುದು ಶುದ್ಧ ಮಧ್ಯಮ, ಇ ಅನ್ನುವುದು ಪಂಚಮ. ಗಿಟಾರ್‌ನ ಕುತ್ತಿಗೆಯ ಮೇಲೆ ಅಡ್ಡಕ್ಕೆ ಇರುವ ಲೋಹದ ಪಟ್ಟಿಗಳೇ ಫ್ರೆಟ್. ಒಂದು ಫ್ರೆಟ್ ಅಂದರೆ ಅರ್ಧ ಸ್ವರ. ಯಾವ ಸ್ವರದಿಂದ ಹೊರಟರೂ 5 ಫ್ರೆಟ್ ಮೇಲೆ ಮಧ್ಯಮ, 7 ಫ್ರೆಟ್ ಮೇಲೆ ಪಂಚಮ. ರಾಕ್ ನುಡಿಸುವವರು ಇವನ್ನು 'ಒನ್, ಫೋರ್, ಫೈವ್' ಅನ್ನುತ್ತಾರೆ. 'ಒನ್-ಫೋರ್-ಫೈವ್ ಇನ್ ಜಿ' ಅಂದರೆ ಜಿ, ಸಿ, ಡಿ. ನಕ್ಷೆಯನ್ನು ಅಕ್ಷರಗಳ ಬದಲು ಸ, ಮ, ಪ ಎಂದು ಇನ್ನೊಮ್ಮೆ ಬರೆದುಕೊಳ್ಳಿ. ಶ್ರುತಿ ಬದಲಾದಾಗ ಹೊಸದಾಗಿ ಏನೂ ಕಲಿಯಬೇಕಾಗುವುದಿಲ್ಲ.

## ಹಂತ 3: ಹಾಡಿ

ಇದನ್ನು ಬಿಟ್ಟುಬಿಡುವವರೇ ಜಾಸ್ತಿ. ದನಿ ಚೆನ್ನಾಗಿಲ್ಲ ಅನ್ನುತ್ತಾರೆ. ದನಿ ಹೇಗಿದ್ದರೂ ಪರವಾಗಿಲ್ಲ, ಹಾಡಲೇಬೇಕು. ಏಕೆಂದರೆ ಈ 12 ಬಾರ್‌ಗಳು ಬಂದಿರುವುದೇ ಹಾಡಿನ ಸಾಲಿನಿಂದ.

ಬ್ಲೂಸ್ ಪದ್ಯದಲ್ಲಿ ಮೂರು ಸಾಲು. ಮೊದಲ ಸಾಲು ಹೇಳುತ್ತಾರೆ. ಅದನ್ನೇ ಮತ್ತೆ ಹೇಳುತ್ತಾರೆ. ಮೂರನೇ ಸಾಲು ಅದಕ್ಕೆ ಉತ್ತರ, ಪ್ರಾಸವೂ ಅಲ್ಲೇ ಕೂಡುತ್ತದೆ. ಅಭ್ಯಾಸಕ್ಕೆ ಹೀಗೊಂದು ಪದ್ಯ ಕಟ್ಟಿಕೊಳ್ಳಬಹುದು:

ಕೊನೆ ಬಸ್ಸು ಹೊರಟೋಯ್ತು, ಮಳೇಲಿ ನಿಂತೆ ಒಬ್ಬ್ನೇ
ಕೊನೆ ಬಸ್ಸು ಹೊರಟೋಯ್ತು, ಮಳೇಲಿ ನಿಂತೆ ಒಬ್ಬ್ನೇ
ಜೇಬಲ್ಲಿ ಕಾಸಿಲ್ಲ, ನಡ್ಕೊಂಡ್ ಹೋಗ್ತೀನ್ ಸುಮ್ನೇ

ಪ್ರತಿ ಸಾಲಿಗೂ ನಾಲ್ಕು ಬಾರ್ ಇವೆ. ಆದರೆ ಮಾತು ಸುಮಾರು ಎರಡು ಬಾರ್‌ಗೆ ಮುಗಿಯುತ್ತದೆ. ಉಳಿದ ಎರಡು ಬಾರ್ ವಾದ್ಯದ್ದು. ಹಾಡುವವರು ಕೇಳುತ್ತಾರೆ, ಗಿಟಾರ್ ಉತ್ತರ ಕೊಡುತ್ತದೆ. ಬಾರ್ ಕಳೆದುಹೋಗುವುದು ಹೆಚ್ಚಾಗಿ ಇಲ್ಲೇ. ಮಾತು ನಿಂತ ತಕ್ಷಣ ಮನಸ್ಸು ಮುಂದಿನ ಸಾಲಿಗೆ ಓಡುತ್ತದೆ. 4ನೇ ಬಾರ್ ಅಥವಾ 8ನೇ ಬಾರ್ ಮಾಯವಾಗುತ್ತದೆ. ಅದಕ್ಕೇ ಖಾಲಿ ಬಾರ್‌ಗಳಲ್ಲಿ ಬಾಯಿ ಸುಮ್ಮನಿರಬಾರದು. 'ಮೂರು ಎರಡು ಮೂರು ನಾಲ್ಕು, ನಾಲ್ಕು ಎರಡು ಮೂರು ನಾಲ್ಕು' ಎಂದು ಎಣಿಸಿ, ಆಮೇಲೆ ಎರಡನೇ ಸಾಲು ಹಾಡಿ. ಸ್ವಲ್ಪ ರೂಢಿಯಾದ ಮೇಲೆ ಎಣಿಕೆಯ ಬದಲು 'ಡ ಡಾ ಡ' ಎಂದು ಏನಾದರೂ ಗುನುಗಿ.

ಇನ್ನೊಂದು ವಿಷಯ. ಹಾಡಿನ ಮಾತು ಬಹಳ ಸಲ 1ನೇ ಬಾರ್‌ಗಿಂತ ಸ್ವಲ್ಪ ಮೊದಲೇ ಶುರುವಾಗುತ್ತದೆ, ನಮ್ಮ ಅತೀತ ಎಡುಪಿನ ಹಾಗೆ. ಮಾತು ಶುರುವಾದ ಜಾಗವನ್ನು 'ಒಂದು' ಅಂದುಕೊಂಡು ಎಣಿಸಿದರೆ ಲೆಕ್ಕ ಕೆಡುತ್ತದೆ. ಕಾಲು ಹೇಳುವ 'ಒಂದು' ಮಾತ್ರ ನಿಜವಾದ 'ಒಂದು'.

## ಹಂತ 4: ಬರೀ ಮೂರು ತಂತಿ

ಈಗ ಗಿಟಾರ್ ತೆಗೆದುಕೊಳ್ಳಿ. ಎಡಗೈ ಕೆಲಸ ಇನ್ನೂ ಇಲ್ಲ. 5ನೇ ತಂತಿ ಖಾಲಿ ಮೀಟಿದರೆ ಎ. 4ನೇ ತಂತಿ ಡಿ. 6ನೇ ತಂತಿ ಇ. ನಮಗೆ ಬೇಕಾದ ಮೂರೂ ಸ್ವರ ಖಾಲಿ ತಂತಿಯಲ್ಲೇ ಇವೆ. ಎ ಶ್ರುತಿ ಆರಿಸಿಕೊಂಡದ್ದೂ ಅದಕ್ಕೇ.

ನಕ್ಷೆ ನೋಡುತ್ತಾ ಪ್ರತಿ ಬೀಟ್‌ಗೂ ಒಂದು ಮೀಟು. ಬಾರ್‌ಗೆ ನಾಲ್ಕು. ಎರಡು ಸುತ್ತಾದ ಮೇಲೆ ನಕ್ಷೆ ಮಡಚಿಡಿ. ಆಮೇಲೆ ಹಂತ 3ರ ಪದ್ಯವನ್ನು ಇದರ ಜೊತೆ ಹಾಡಿ. ಬೆರಳಿಗೆ ಕಷ್ಟ ಇಲ್ಲದ ಕಾರಣ ಗಮನವೆಲ್ಲ ರೂಪದ ಮೇಲೆ ಇರುತ್ತದೆ. ಬ್ಯಾಂಡಿನಲ್ಲಿ ಬೇಸ್ ಗಿಟಾರ್ ಮಾಡುವ ಮೂಲ ಕೆಲಸವೂ ಇದೇ.

ಈಗ ಸ್ಟಾಪ್‌ವಾಚ್ ಪರೀಕ್ಷೆ ಮಾಡಿ. ಐದು ಸುತ್ತು, 3 ನಿಮಿಷ. ಇದು ಸರಿಯಾಗಿ ಬರುವವರೆಗೆ ಮುಂದೆ ಹೋಗಬೇಡಿ. ಇಲ್ಲಿ ತಪ್ಪುವವರು ಕಾರ್ಡ್ ಹಿಡಿದಾಗ ಖಂಡಿತ ತಪ್ಪುತ್ತಾರೆ.

## ಹಂತ 5: ಕಾರ್ಡ್, ಮತ್ತು ಆ 'ಸೆವೆನ್' ಏಕೆ

ಮೂರು ಅಥವಾ ಹೆಚ್ಚು ಸ್ವರ ಒಟ್ಟಿಗೆ ನುಡಿದರೆ ಕಾರ್ಡ್. ನಮಗೆ ಬೇಕಾದ ಹಿಡಿತಗಳು:

- ಎ7: 4ನೇ ಮತ್ತು 2ನೇ ತಂತಿ 2ನೇ ಫ್ರೆಟ್‌ನಲ್ಲಿ. 5, 3, 1 ಖಾಲಿ. 6ನೇ ತಂತಿ ಮೀಟಬೇಡಿ.
- ಡಿ7: 3ನೇ ತಂತಿ 2ನೇ ಫ್ರೆಟ್, 2ನೇ ತಂತಿ 1ನೇ ಫ್ರೆಟ್, 1ನೇ ತಂತಿ 2ನೇ ಫ್ರೆಟ್. 4 ಖಾಲಿ. 6 ಮತ್ತು 5 ಮೀಟಬೇಡಿ.
- ಇ7: 5ನೇ ತಂತಿ 2ನೇ ಫ್ರೆಟ್, 3ನೇ ತಂತಿ 1ನೇ ಫ್ರೆಟ್. ಉಳಿದವು ಖಾಲಿ. ಆರೂ ತಂತಿ ಮೀಟಬಹುದು.

ಪ್ರತಿ ಬಾರ್‌ಗೆ ಒಂದೇ ಸಲ, ಮೊದಲ ಬೀಟ್‌ನಲ್ಲಿ ಮೀಟಿ ಬಿಡಿ. ಉಳಿದ ಮೂರು ಬೀಟ್ ಕಾರ್ಡ್ ಬದಲಿಸಲು ನಿಮಗೆ ಸಿಗುವ ಸಮಯ. ಆಮೇಲೆ ಎರಡು ಸಲ, ಆಮೇಲೆ ನಾಲ್ಕು. ಕೈ ತಡವಾದರೆ ಆ ಮೀಟು ಬಿಟ್ಟುಬಿಡಿ, ಆದರೆ ಎಣಿಕೆ ನಿಲ್ಲಿಸಬೇಡಿ. ಕಾರ್ಡ್ ಹಿಡಿಯಲು ಕಾಲು ನಿಲ್ಲಿಸಿ ಕಾಯುವ ಅಭ್ಯಾಸ ಬಿದ್ದರೆ ಬಿಡಿಸುವುದು ತುಂಬಾ ಕಷ್ಟ.

ಈಗ ಸ್ವಲ್ಪ ಸಿದ್ಧಾಂತ. ಇದನ್ನು ಅರ್ಥ ಮಾಡಿಕೊಂಡರೆ ಬ್ಲೂಸ್‌ನ ರುಚಿ ಎಲ್ಲಿಂದ ಬರುತ್ತದೆ ಅನ್ನುವುದು ತಿಳಿಯುತ್ತದೆ. ಎ7ರಲ್ಲಿ ನಾಲ್ಕು ಸ್ವರ: ಎ, ಸಿ ಶಾರ್ಪ್ (ಸಿಗಿಂತ ಅರ್ಧ ಸ್ವರ ಮೇಲಿನದು), ಇ, ಜಿ. ನಮ್ಮ ಲೆಕ್ಕದಲ್ಲಿ ಸ, ಅಂತರ ಗಾಂಧಾರ, ಪ, ಕೈಶಿಕಿ ನಿಷಾದ. ಹೆಸರಿನಲ್ಲಿರುವ 'ಸೆವೆನ್' ಆ ನಿಷಾದ. ಡಿ7ರಲ್ಲಿ ಡಿ, ಎಫ್ ಶಾರ್ಪ್, ಎ, ಸಿ. ಆ ಕೊನೆಯ ಸಿ ಗಮನಿಸಿ. ಎ ಅನ್ನು ಸ ಎಂದು ಇಟ್ಟುಕೊಂಡರೆ ಅದು ಸಾಧಾರಣ ಗಾಂಧಾರ. ಅಂದರೆ ಮೊದಲ ಸಾಲಿನಲ್ಲಿ ದೊಡ್ಡ ಗಾಂಧಾರ, ಎರಡನೇ ಸಾಲು ಶುರುವಾಗುತ್ತಿದ್ದಂತೆ ಸಣ್ಣ ಗಾಂಧಾರ. ಒಂದೇ ಹಾಡಿನಲ್ಲಿ ಎರಡೂ ಗಾಂಧಾರ ಎಳೆದಾಡುತ್ತವೆ. ಹಾಡುವವರ ದನಿ ಬಹಳ ಸಲ ಈ ಎರಡರ ನಡುವೆ ಎಲ್ಲೋ ನಿಲ್ಲುತ್ತದೆ. 'ಬ್ಲೂ ನೋಟ್' ಅನ್ನುವುದು ಇಂಥ ಸ್ವರಗಳಿಗೇ.

ತಂಬೂರಿ ಕೇಳಿ ಬೆಳೆದ ಕಿವಿಗೆ ಇಲ್ಲೊಂದು ತೊಡಕಿದೆ. ನಮ್ಮಲ್ಲಿ ಆಧಾರ ಶ್ರುತಿ ಹಾಡಿನುದ್ದಕ್ಕೂ ಅಲ್ಲಾಡುವುದಿಲ್ಲ. ಇಲ್ಲಿ ಸ ಬದಲಾಗದಿದ್ದರೂ ಕೆಳಗಿನ ನೆಲ ಬದಲಾಗುತ್ತದೆ. ಡಿ7 ಬಂದಾಗ 'ಹೊಸ ಸ ಬಂತು' ಎಂದು ಕಿವಿ ಅಂದುಕೊಂಡರೆ ಹಾಡು ದಿಕ್ಕು ತಪ್ಪುತ್ತದೆ. ಇದನ್ನು ಸರಿಮಾಡಲು ಒಂದು ಸರಳ ಅಭ್ಯಾಸ: ಮೂರು ಕಾರ್ಡ್ ಬದಲಿಸುತ್ತಾ ಬಾಯಲ್ಲಿ ಎ ಸ್ವರವನ್ನೇ ಎಳೆದು ಹಿಡಿದಿರಿ. ಎ7ರ ಮೇಲೆ ಅದು ಮನೆಯಲ್ಲಿದ್ದ ಹಾಗೆ ಕೇಳುತ್ತದೆ. ಡಿ7ರ ಮೇಲೂ ಹೊಂದುತ್ತದೆ, ಬಣ್ಣ ಬೇರೆ. ಇ7ರ ಮೇಲೆ ಉಜ್ಜಿದ ಹಾಗೆ ಆಗುತ್ತದೆ, ವಾಪಸ್ ಎಗೆ ಹೋಗಬೇಕು ಅನಿಸುತ್ತದೆ. ಆ ಅನಿಸಿಕೆಯೇ 9ನೇ ಬಾರ್‌ನ ಗುರುತು. ಎಣಿಸದೆಯೇ ಅದು ಗೊತ್ತಾಗತೊಡಗಿದರೆ ನೀವು ಸರಿಯಾದ ದಾರಿಯಲ್ಲಿದ್ದೀರಿ.

## ಹಂತ 6: ಷಫಲ್

ನೇರವಾಗಿ ಮೀಟಿದರೆ ಬ್ಲೂಸ್ ಬ್ಲೂಸ್ ಅನಿಸುವುದಿಲ್ಲ. ಬೀಟನ್ನು ಎರಡು ಸಮಭಾಗ ಮಾಡದೆ ಮೂರು ಮಾಡಬೇಕು. ತಿಶ್ರ ಗತಿ: ತಕಿಟ ತಕಿಟ ತಕಿಟ ತಕಿಟ. ಈಗ 'ಕಿ' ನುಂಗಿ. ತ–ಟ ತ–ಟ ತ–ಟ ತ–ಟ. ಷಫಲ್ ಅಂದರೆ ಇಷ್ಟೇ. ಮೊದಲು ಬಾಯಲ್ಲಿ ಹೇಳುತ್ತಾ ಕಾಲು ತಟ್ಟಿ. 'ತ' ಕಾಲಿನ ಜೊತೆ ಬೀಳಬೇಕು. 'ಟ' ಮುಂದಿನ ಕಾಲಿಗೆ ಹತ್ತಿರ ಬೀಳಬೇಕು.

ಈಗ ಗಿಟಾರ್. ಕಾರ್ಡ್ ಬದಲು ಎರಡೇ ತಂತಿ. ಎ ಬಾರ್‌ನಲ್ಲಿ 5ನೇ ತಂತಿ ಖಾಲಿ, 4ನೇ ತಂತಿಯ 2ನೇ ಫ್ರೆಟ್‌ನಲ್ಲಿ ತೋರುಬೆರಳು. ಎರಡನ್ನೂ ಸೇರಿಸಿ ತ–ಟ ಮೀಟಿ. ಮುಂದಿನ ಬೀಟ್‌ನಲ್ಲಿ ಉಂಗುರಬೆರಳನ್ನು ಅದೇ 4ನೇ ತಂತಿಯ 4ನೇ ಫ್ರೆಟ್‌ಗೆ ಇಟ್ಟು ತ–ಟ. ಹೀಗೆ 2, 4, 2, 4 ಎಂದು ಬೀಟ್‌ಗೊಂದು. ಡಿ ಬಾರ್‌ಗೆ ಒಂದು ತಂತಿ ಕೆಳಗೆ: 4 ಖಾಲಿ, 3ನೇ ತಂತಿಯಲ್ಲಿ ಬೆರಳು. ಇ ಬಾರ್‌ಗೆ ಒಂದು ತಂತಿ ಮೇಲೆ: 6 ಖಾಲಿ, 5ನೇ ತಂತಿಯಲ್ಲಿ ಬೆರಳು. ಆಕಾರ ಎಲ್ಲೂ ಬದಲಾಗುವುದಿಲ್ಲ.

ತಪ್ಪುಗಳು ಎರಡು. ಒಂದು, ವೇಗ ಹೆಚ್ಚಿದಾಗ ಷಫಲ್ ತಾನಾಗಿಯೇ ನೇರವಾಗಿಬಿಡುತ್ತದೆ. ರೆಕಾರ್ಡ್ ಮಾಡಿ ಕೇಳಿದರೆ ಮಾತ್ರ ಗೊತ್ತಾಗುತ್ತದೆ. ಎರಡು, ಎಡಗೈ ಮಣಿಕಟ್ಟು ಬಿಗಿಯಾಗುತ್ತದೆ. ಉಂಗುರಬೆರಳು 4ನೇ ಫ್ರೆಟ್ ತಲುಪಲು ಕಷ್ಟವಾದರೆ ಹೆಬ್ಬೆರಳನ್ನು ಕುತ್ತಿಗೆಯ ಹಿಂಭಾಗದಲ್ಲಿ ಸ್ವಲ್ಪ ಕೆಳಗೆ ತನ್ನಿ. ಬೆರಳ ತುದಿ ಉರಿಯುವುದು ಸಹಜ. ಮಣಿಕಟ್ಟು ಅಥವಾ ಮೊಣಕೈಯಲ್ಲಿ ನೋವು ಬಂದರೆ ಅಲ್ಲಿಗೆ ನಿಲ್ಲಿಸಿ, ಕೂರುವ ರೀತಿ ಸರಿಮಾಡಿಕೊಳ್ಳಿ.

ಷಫಲ್ ಗಟ್ಟಿಯಾದ ಮೇಲೆ ಇದನ್ನೇ ನೇರವಾಗಿ, ತಕ ತಕ ಎಂದು ಸಮವಾಗಿ, ವೇಗವಾಗಿ ನುಡಿಸಿ. ಬ್ಲೂಸ್ ರಾಕ್ ಆಂಡ್ ರೋಲ್ ಆಗುವುದು ನಿಮ್ಮ ಕೈಯಲ್ಲೇ ಕೇಳಿಸುತ್ತದೆ. ಚಕ್ ಬೆರ್ರಿಯ ಗಿಟಾರ್‌ನಲ್ಲಿ ಈ ನೇರ ನಡೆ ಸ್ಪಷ್ಟವಾಗಿದೆ. ಆ ಕಾಲದ ಕೆಲವು ರೆಕಾರ್ಡ್‌ಗಳಲ್ಲಿ ಗಿಟಾರ್ ನೇರವಾಗಿ ಹೋಗುತ್ತಿದ್ದರೆ ಡ್ರಮ್ಸ್ ಇನ್ನೂ ಷಫಲ್‌ನಲ್ಲೇ ಇರುತ್ತದೆ. ಆ ತಿಕ್ಕಾಟ ಕೇಳಲು ಬಹಳ ಚೆಂದ.

## ಹಂತ 7: ಸುತ್ತು ಮುಗಿಸಿ ಮತ್ತೆ ಶುರು

11 ಮತ್ತು 12ನೇ ಬಾರ್ ಸೇರಿ ಟರ್ನ್‌ಅರೌಂಡ್. 'ಸುತ್ತು ಮುಗಿಯಿತು, ಮತ್ತೆ ಶುರು' ಎಂದು ಎಲ್ಲರಿಗೂ ಹೇಳುವ ಜಾಗ ಅದು. ಸರಳವಾದದ್ದು ಹೀಗಿದೆ. 11ನೇ ಬಾರ್‌ನ ಮೊದಲ ಬೀಟ್‌ನಲ್ಲಿ ಖಾಲಿ 5ನೇ ತಂತಿ ಮೀಟಿ, ಅದು ನುಡಿಯುತ್ತಿರಲಿ. ಅದೇ ಬಾರ್‌ನ 2, 3, 4ನೇ ಬೀಟ್‌ಗಳಲ್ಲಿ 4ನೇ ತಂತಿಯ 5, 4, 3ನೇ ಫ್ರೆಟ್. 12ನೇ ಬಾರ್‌ನ ಮೊದಲ ಬೀಟ್‌ಗೆ 2ನೇ ಫ್ರೆಟ್. ಎರಡನೇ ಬೀಟ್‌ನಿಂದ ಇ7.

ಹಾಡು ಪೂರ್ತಿ ಮುಗಿಸುವ ಸುತ್ತಿನಲ್ಲಿ 12ನೇ ಬಾರ್‌ಗೆ ಇ7 ಬೇಡ, ಎ7ರಲ್ಲೇ ನಿಲ್ಲಿ. ಇ7ರಲ್ಲಿ ನಿಲ್ಲಿಸಿದರೆ ಮಾತು ಅರ್ಧಕ್ಕೆ ಬಿಟ್ಟ ಹಾಗೆ ಆಗುತ್ತದೆ.

ಇಲ್ಲಿನ ದೊಡ್ಡ ತಪ್ಪು 13ನೇ ಬಾರ್. ಟರ್ನ್‌ಅರೌಂಡ್ ಚೆನ್ನಾಗಿ ಬಂತು ಎಂಬ ಖುಷಿಯಲ್ಲಿ ಒಂದು ಕ್ಷಣ ನಿಂತು ಶುರು ಮಾಡುತ್ತಾರೆ. ಇದನ್ನು ಹಿಡಿಯಲು ಬರೀ 11, 12, 1, 2 ಈ ನಾಲ್ಕು ಬಾರ್‌ಗಳನ್ನು ಮಾತ್ರ ಸುತ್ತು ಸುತ್ತಾಗಿ ನುಡಿಸಿ.

## ಹಂತ 8: ಹಾಡು ಕೇಳಿ ರೂಪ ಗುರುತಿಸುವುದು

ಈಗ ಪೆನ್ಸಿಲ್ ಹಿಡಿದು ಕೂರಿ. ಯಾವ ಹಾಡಾದರೂ ಕ್ರಮ ಇದು: ಮೊದಲು ಬರೀ ಕಾಲು ತಟ್ಟಿ 'ಒಂದು' ಎಲ್ಲಿದೆ ಹುಡುಕಿ. ಎರಡನೇ ಸಲ ಕೇಳುವಾಗ ಬಾರ್‌ಗೊಂದು ಗೆರೆ ಎಳೆಯಿರಿ. ಮೂರನೇ ಸಲ ಕಾರ್ಡ್ ಬದಲಾದ ಗೆರೆಗೆ ಗುರುತು ಹಾಕಿ. ಕಾರ್ಡಿನ ಹೆಸರು ಬೇಡ. ಬದಲಾಯಿತೋ ಇಲ್ಲವೋ ಅಷ್ಟೇ. 5ನೇ ಗೆರೆಯಲ್ಲಿ ಒಂದು ಬದಲಾವಣೆ, 9ರಲ್ಲಿ ಇನ್ನೊಂದು, 12 ಆದ ಮೇಲೆ ಮತ್ತೆ ಮೊದಲಿನಿಂದ. ಹೀಗಿದ್ದರೆ 12 ಬಾರ್ ಬ್ಲೂಸ್.

ಈ ಅನುಕ್ರಮದಲ್ಲಿ ಕೇಳಿ:

ಬಿಲ್ ಹೇಲಿಯ 'ರಾಕ್ ಅರೌಂಡ್ ದ ಕ್ಲಾಕ್', 1954. ಶುರುವಿನಲ್ಲಿ ವಾದ್ಯಗಳು ನಿಂತು ನಿಂತು ಹೊಡೆಯುವ 8 ಬಾರ್ ಪೀಠಿಕೆ ಇದೆ. ಅದನ್ನು ಲೆಕ್ಕಕ್ಕೆ ಸೇರಿಸಬೇಡಿ. ಆಮೇಲಿನ ಪದ್ಯಗಳಿಂದ ಎಣಿಸಿ.

ಚಕ್ ಬೆರ್ರಿಯ 'ಜಾನಿ ಬಿ. ಗುಡ್', 1958. ಇಲ್ಲಿ ಪದ್ಯಕ್ಕೂ ಪಲ್ಲವಿಗೂ ಒಂದೇ 12 ಬಾರ್. ಮಾತು ಬದಲಾಯಿತು ಎಂದು ರೂಪ ಬದಲಾಯಿತು ಅಂದುಕೊಳ್ಳಬೇಡಿ. ಶ್ರುತಿ ಬಿ ಫ್ಲ್ಯಾಟ್, ಅಂದರೆ ಎಗಿಂತ ಅರ್ಧ ಸ್ವರ ಮೇಲೆ, ಹಾಗಾಗಿ ನಿಮ್ಮ ಎ7 ಇದರ ಜೊತೆ ಹೊಂದುವುದಿಲ್ಲ. 1ನೇ ಫ್ರೆಟ್‌ಗೆ ಕೇಪೊ (ಎಲ್ಲ ತಂತಿಗಳನ್ನೂ ಒತ್ತಿ ಹಿಡಿಯುವ ಕ್ಲಿಪ್) ಹಾಕಿದರೆ ಅದೇ ಹಿಡಿತಗಳು ಕೂಡುತ್ತವೆ.

ಬಿ.ಬಿ. ಕಿಂಗ್ ಹಾಡಿದ 'ದ ಥ್ರಿಲ್ ಈಸ್ ಗಾನ್', 1969ರ ರೆಕಾರ್ಡ್. 12 ಬಾರ್‌ಗಳೇ, ಆದರೆ ಮೈನರ್, ಅಂದರೆ ಸಣ್ಣ ಗಾಂಧಾರದ ಕಾರ್ಡ್‌ಗಳಲ್ಲಿ. 9ನೇ ಬಾರ್‌ನಲ್ಲಿ ನೀವು ಕಾಯುವ ಪಂಚಮದ ಕಾರ್ಡ್ ಬರುವುದಿಲ್ಲ, ಬೇರೆ ಬರುತ್ತದೆ. ಪಂಚಮ 10ರಲ್ಲಿದೆ.

ಮಡ್ಡಿ ವಾಟರ್ಸ್‌ನ 'ಹೂಚಿ ಕೂಚಿ ಮ್ಯಾನ್', 1954. ಇದು ಬೇಕೆಂದೇ ಇಟ್ಟ ಪರೀಕ್ಷೆ. 12 ಎಂದು ಎಣಿಸಿದರೆ ತಪ್ಪುತ್ತೀರಿ. ಮೊದಲ ಸಾಲನ್ನು ಹಿಗ್ಗಿಸಿ 8 ಬಾರ್ ಮಾಡಿದ್ದಾರೆ, ಒಟ್ಟು 16. ಅಷ್ಟೂ ಹೊತ್ತು ವಾದ್ಯಗಳು ಒಂದು ಏಟು ಹಾಕಿ ನಿಲ್ಲುತ್ತವೆ, ದನಿ ಮಾತ್ರ ಮುಂದುವರಿಯುತ್ತದೆ. ಇದನ್ನು ಸ್ಟಾಪ್ ಟೈಮ್ ಅನ್ನುತ್ತಾರೆ.

ಬೀಟಲ್ಸ್‌ನ 'ಕಾಂಟ್ ಬೈ ಮಿ ಲವ್', 1964. ಪದ್ಯಗಳು 12 ಬಾರ್ ಬ್ಲೂಸ್. ಪಲ್ಲವಿಗೆ ಬೇರೆ ಕಾರ್ಡ್‌ಗಳು. ರಾಕ್‌ನ ಮುಂದಿನ ದಾರಿ ಇಲ್ಲಿ ಕಾಣುತ್ತದೆ: ಬ್ಲೂಸ್ ಪೂರ್ತಿ ಹಾಡಾಗಿರುವ ಬದಲು ಹಾಡಿನ ಒಂದು ಕೋಣೆಯಾಗುತ್ತದೆ.

ಗೆರೆಗಳು 8ಕ್ಕೇ ಮುಗಿದು ಮತ್ತೆ ಶುರುವಾದರೆ ಅದು 8 ಬಾರ್ ಬ್ಲೂಸ್. ಎಲ್ವಿಸ್‌ನ 1956ರ 'ಹಾರ್ಟ್‌ಬ್ರೇಕ್ ಹೋಟೆಲ್' ಹಾಗಿದೆ. 8 ಬಾರ್‌ನ ಒಂದೇ ರಾಗ ಎರಡು ಸಲ, ಆಮೇಲೆ 8 ಬಾರ್ ಬೇರೆ ರಾಗ, ಮತ್ತೆ ಮೊದಲಿನದು ಬಂದರೆ ಅದು ಎಎಬಿಎ, ಒಟ್ಟು 32. 1939ರ 'ಓವರ್ ದ ರೇನ್‌ಬೋ' ಅದರ ಒಳ್ಳೆಯ ಮಾದರಿ. ಇದು ಬ್ಲೂಸ್‌ನಿಂದ ಬಂದದ್ದಲ್ಲ, ಅಮೆರಿಕದ ನಾಟಕ, ಸಿನಿಮಾ ಹಾಡುಗಳ ರೂಪ. ರಾಕ್ ಎರಡೂ ಕಡೆಯಿಂದ ಪಡೆದುಕೊಂಡಿದೆ.

ಒಂದು ಎಚ್ಚರಿಕೆ. ಹಳೆಯ, ಒಬ್ಬರೇ ಹಾಡಿ ನುಡಿಸಿದ ರೆಕಾರ್ಡ್‌ಗಳನ್ನು ಈ ಹಂತದಲ್ಲಿ ಎಣಿಸಲು ಹೋಗಬೇಡಿ. ಜಾನ್ ಲೀ ಹೂಕರ್ 1948ರಲ್ಲಿ ರೆಕಾರ್ಡ್ ಮಾಡಿದ 'ಬೂಗಿ ಚಿಲ್ಲನ್' ಒಂದೇ ಕಾರ್ಡಿನ ಮೇಲೆ ನಿಂತಿದೆ. ರಾಬರ್ಟ್ ಜಾನ್ಸನ್ 1936 ಮತ್ತು 1937ರಲ್ಲಿ ಹಾಡಿದ 29 ಹಾಡುಗಳಲ್ಲೂ ಹಲವು ಕಡೆ ಬೀಟ್ ಹೆಚ್ಚು ಕಡಿಮೆ ಇದೆ. ಅದು ತಪ್ಪಲ್ಲ. ಜೊತೆಗೆ ಯಾರೂ ಇಲ್ಲದಿದ್ದಾಗ ಮಾತು ಎಳೆದಷ್ಟು ಬಾರ್ ಎಳೆಯಬಹುದು. ಬ್ಯಾಂಡ್ ಬಂದ ಮೇಲೆ 12 ಎಂದು ಒಪ್ಪಿಕೊಳ್ಳಲೇಬೇಕಾಯಿತು. ನಮ್ಮ ಲೆಕ್ಕ ಗಟ್ಟಿಯಾದ ಮೇಲೆ ಈ ಹಾಡುಗಳನ್ನು ಖಂಡಿತ ಕೇಳಿ. ರಾಕ್‌ನ ಬೇರು ಅಲ್ಲೇ ಇದೆ.

## ಹಂತ 9: ಸೋಲೋ, ಮಿತವಾಗಿ

ಸೋಲೋಗೆ ಬಳಸುವ ಐದು ಸ್ವರಗಳ ಸಾಲು ಎ ಮೈನರ್ ಪೆಂಟಾಟಾನಿಕ್: ಎ, ಸಿ, ಡಿ, ಇ, ಜಿ. ನಮ್ಮ ಶುದ್ಧ ಧನ್ಯಾಸಿಯ ಸ್ವರಗಳೇ. 5ನೇ ಫ್ರೆಟ್‌ನಲ್ಲಿ ಸಿಗುತ್ತವೆ: 6, 2, 1ನೇ ತಂತಿಗಳಲ್ಲಿ 5 ಮತ್ತು 8ನೇ ಫ್ರೆಟ್, ಉಳಿದ ಮೂರರಲ್ಲಿ 5 ಮತ್ತು 7.

ಸ್ವರ ಒಂದೇ ಎಂದು ರಾಗದ ಗಮಕ ಹಾಗೇ ತಂದರೆ ಬ್ಲೂಸ್ ಆಗುವುದಿಲ್ಲ. ಸಿ ಸ್ವರವನ್ನು ತಂತಿ ತಳ್ಳಿ ಸ್ವಲ್ಪ ಮೇಲಕ್ಕೆ, ಸಿ ಶಾರ್ಪ್ ಮುಟ್ಟದ ಹಾಗೆ ಒಯ್ಯಿರಿ. ಇದು ಎ7ರ ಮೇಲೆ ಬೇಕು. ಡಿ7ರ ಮೇಲೆ ಸಿ ಇದ್ದ ಹಾಗೇ ಹೊಂದುತ್ತದೆ. ಹಂತ 5ರ ಎರಡು ಗಾಂಧಾರ ಇಲ್ಲಿ ಕೈಗೆ ಸಿಗುತ್ತವೆ.

ಮತ್ತೆ, ಎಲ್ಲ 12 ಬಾರ್‌ನಲ್ಲೂ ನುಡಿಸಬೇಡಿ. 1 ಮತ್ತು 2ನೇ ಬಾರ್‌ನಲ್ಲಿ ಪದ್ಯ ಹಾಡಿ, 3 ಮತ್ತು 4ರಲ್ಲಿ ಮಾತ್ರ ಉತ್ತರ ನುಡಿಸಿ. 7–8, 11–12 ಕೂಡ ಹಾಗೇ. ಸೋಲೋ ಶುರುವಾದ ತಕ್ಷಣ ಲೆಕ್ಕ ಮರೆಯುತ್ತಿದ್ದರೆ ಸ್ವರಗಳನ್ನು ಮೂರಕ್ಕೆ ಇಳಿಸಿ.

## ಹಂತ 10: ಇನ್ನೊಬ್ಬರ ಜೊತೆ

ಶುರು ಮಾಡುವ ಮೊದಲು ನಾಲ್ಕು ವಿಷಯ ಬಾಯಿಬಿಟ್ಟು ಮಾತಾಡಿಕೊಳ್ಳಿ. ಶ್ರುತಿ ಯಾವುದು. ಷಫಲ್ಲೋ ನೇರವೋ. ವೇಗ ಎಷ್ಟು. ಎರಡನೇ ಬಾರ್‌ನಲ್ಲಿ ಡಿ7ಗೆ ಹೋಗಿ ಬರುತ್ತೀರಾ ಇಲ್ಲವಾ. ಈ ಕೊನೆಯದಕ್ಕೆ ಕ್ವಿಕ್ ಚೇಂಜ್ ಎಂದು ಹೆಸರು. ಎಷ್ಟೋ ಜ್ಯಾಮ್‌ಗಳು (ಒಟ್ಟಿಗೆ ಕೂತು ನುಡಿಸುವುದು) ಎರಡನೇ ಬಾರ್‌ನಲ್ಲೇ ಕುಸಿಯುವುದು ಇದನ್ನು ಕೇಳಿಕೊಳ್ಳದ್ದರಿಂದ. 10ನೇ ಬಾರ್‌ನಲ್ಲಿ ಇಳಿಯದೆ ಇ7ರಲ್ಲೇ ಉಳಿಯುವ ಹಾಡುಗಳೂ ಇವೆ, ಅದನ್ನೂ ಕೇಳಿಕೊಂಡರೆ ಒಳ್ಳೆಯದು.

ಜಾಗ ತಪ್ಪಿದರೆ ನಿಲ್ಲಿಸಬೇಡಿ. ತಂತಿಗಳ ಮೇಲೆ ಅಂಗೈ ಇಟ್ಟು ಸದ್ದು ಅಡಗಿಸಿ, ತ–ಟ ಮಾತ್ರ ಮೀಟುತ್ತಿರಿ. ಬೇಸ್ ಕೇಳಿ. ಬೇಸ್ ಎ ಬಿಟ್ಟು ಬೇರೆ ಸ್ವರಕ್ಕೆ ಹೋಗಿ ನಿಂತರೆ ಡಿ ಅಥವಾ ಇ ಬಂದಿದೆ. ಉಜ್ಜಿದ ಹಾಗೆ ಕೇಳಿದರೆ ಇ, 9ನೇ ಬಾರ್. ಅಲ್ಲಿಂದ ನಾಲ್ಕು ಬಾರ್ ಎಣಿಸಿದರೆ ಹೊಸ ಸುತ್ತು.

ಕೆಟ್ಟು ಹೋಗುವ ಮುನ್ಸೂಚನೆ ಇಷ್ಟು: ಕಾಲು ನಿಂತಿದೆ, ಕಣ್ಣು ಎಡಗೈ ಮೇಲೇ ನೆಟ್ಟಿದೆ, ವೇಗ ಏರುತ್ತಿದೆ. ಇವುಗಳಲ್ಲಿ ಯಾವುದು ಕಂಡರೂ ಹಂತ 4ಕ್ಕೆ ವಾಪಸ್ ಹೋಗಿ, ಎರಡು ಸುತ್ತು ಬರೀ ಖಾಲಿ ತಂತಿ ಮೀಟಿ ಮತ್ತೆ ಬನ್ನಿ.

ಮುಗಿಸುವ ಸನ್ನೆಯನ್ನೂ ಮೊದಲೇ ಮಾತಾಡಿಕೊಂಡಿರಿ. ತಲೆ ಆಡಿಸುವುದೋ, ಗಿಟಾರ್ ಕುತ್ತಿಗೆ ಎತ್ತುವುದೋ, ಏನಾದರೂ ಸರಿ. ಸನ್ನೆಯನ್ನು 9ನೇ ಬಾರ್ ಬರುವ ಮೊದಲೇ ಕೊಡಬೇಕು. 12ನೇ ಬಾರ್‌ನಲ್ಲಿ ಕೊಟ್ಟರೆ ಅರ್ಧ ಜನ ಮುಂದಿನ ಸುತ್ತಿಗೆ ಹೋಗಿಬಿಟ್ಟಿರುತ್ತಾರೆ.